ಎರಡು ಅಡ್ಡಗೆರೆ

"ಈ ವಯಸ್ಸಿನಾಗ ಮಂದೀಗೆ ಟೋಪಿ ಹಾಕಿ, ಗಂಟು ಕಟ್ಟಿ ಓಡಾಕತ್ತೀಯೇನೋ ತಮ್ಮಾ?" ಹೊಸ್ತಿಲು ದಾಟುವ ಮೊದಲೇ ಗಂಗಾಬಾಯಿ ಶುರು ಮಾಡಿದಳು. ಅವಳ ಹಿಂದೆ ಮೊಮ್ಮಗಳು ಶಿವಗಂಗಾ, ಕ್ಯಾಮೆರಾವನ್ನು ಜ್ವರ ಬಂದ ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದಳು.

ಗಂಟು ಕಟ್ಟಿದ್ದಂತೂ ನಿಜ. ಕಾಚಿಗೂಡ ಸ್ಟೇಷನ್ ಎದುರಿನ ಆ ಫೋಟೋ ಸ್ಟುಡಿಯೋದ ಕಪಾಟುಗಳು ಬರಿದಾಗಿದ್ದವು. ಮಾಣಿಕಪ್ಪ ಅಂಗಡಿ ಮುಚ್ಚಿ ಸಂಜೆಯ ಗಾಡಿಗೆ ಬೀದರಿಗೆ, ಮಗಳ ಮನೆಗೆ ಹೊರಟಿದ್ದ. ನಾಲ್ಕು ದಿನದ ಹಿಂದೆ ತಾನು ಇಪ್ಪತ್ತು ವರ್ಷ ಬಳಸಿದ ಲೆನ್ಸನ್ನು ಶಿವಗಂಗಾಳಿಗೆ ಮಾರುವಾಗ, "ಇದು ಒಂದು ದಿನಾನೂ ಕೈಕೊಟ್ಟಿಲ್ಲ ಬೇಟಾ, ನನ್ನ ಮಾತು" ಅಂದಿದ್ದ. ಮೂರು ದಿನ ಲೆನ್ಸು ಆ ಮಾತನ್ನು ಉಳಿಸಿತು. ಇವತ್ತು ಬೆಳಿಗ್ಗೆ ಮುರಿಯಿತು.

"ಎರಡು ಅಡ್ಡಗೆರಿ ಬರ್ತಾವ್ರಿ ಕಾಕಾ," ಶಿವಗಂಗಾ ಕ್ಯಾಮೆರಾದ ಪರದೆ ತೋರಿಸಿದಳು. ಅಂಕಿ ಇರಬೇಕಾದ ಜಾಗದಲ್ಲಿ, ಯಾರೋ ಕಣ್ಣು ಮುಚ್ಚಿ ಮಲಗಿದಂತೆ ಎರಡು ಗೆರೆ. "ಗುಂಡಿ ಒತ್ತಿದ್ರ ಕಟ್ ಅನ್ನಂಗೇ ಇಲ್ಲ. ಬ್ಯಾಟರಿ ತಗದು ಹಾಕಿದೆ. ಲೆನ್ಸು ಬಿಚ್ಚಿ ತೊಡಿಸಿದೆ, ಹತ್ತು ಸರ್ತಿ."

"ನಾನೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಒಗದೆ," ಅಂದಳು ಗಂಗಾಬಾಯಿ. "ಘಾಟು ಮೂಗಿಗೆ ಬಡೀತು. ಅಂದಮ್ಯಾಲ ದೃಷ್ಟಿ ಆಗಿಲ್ಲ. ನಿನ್ನ ಮಾಲೇ ಖೋಟಾ!"

ನಾಲ್ಕು ಗಂಟೆಗೆ ಸನತ್‌ನಗರದಲ್ಲಿ ಶಿವಗಂಗಾಳ ಅಕ್ಕ ಭವಾನಿಯ ಕುಬಸ, ಅದೇ ಸೀಮಂತ. ಎರಡು ಬಸಿರು ನಿಲ್ಲದೆ, ಮೂರನೆಯದು ಈಗ ಏಳು ತಿಂಗಳು ತುಂಬಿತ್ತು. ಫೋನು ಹಿಡಿದು ಯಾರೂ ಮುಂದೆ ಬರಕೂಡದು, ಹಸಿರು ಸೀರೆಯಲ್ಲಿ ಕೂತ ತನ್ನನ್ನು ತಂಗಿಯೇ ತೆಗೆಯಬೇಕು ಎಂದು ಭವಾನಿ ಹಟ ಹಿಡಿದಿದ್ದಳು. ಅಜ್ಜಿಯ ಕತೆಗಳಲ್ಲಿ ಕಣ್ಣು ಕಳೆದುಕೊಂಡ ರಾಜಕುಮಾರಿ ಹದಿನಾಲ್ಕು ಬೆಟ್ಟ ದಾಟಿ ಅದನ್ನು ಮರಳಿ ತರುತ್ತಿದ್ದಳು. ಶಿವಗಂಗಾ ದಾಟಿ ಬಂದದ್ದು ಹದಿನಾಲ್ಕು ಸಿಗ್ನಲ್ಲು. ಒಂದರಲ್ಲೂ ಹಸಿರು ಸಿಕ್ಕಿರಲಿಲ್ಲ.

ಮಾಣಿಕಪ್ಪ ಕಟ್ಟಿದ ಪೆಟ್ಟಿಗೆ ಬಿಚ್ಚಿ ಉಳಿದಿದ್ದ ಒಂದೇ ಒಂದು ಲೆನ್ಸನ್ನು ತೆಗೆದ. ಮರದ ತುದಿಯ ಗಿಣಿಯನ್ನು ಹಿಡಿಯುವಂಥ ಮೊಳದುದ್ದದ್ದು. ಭವಾನಿಯ ಒಂದೇ ಕೋಣೆಯ ಮನೆಯಲ್ಲಿ ಅದರ ಹಿಂದೆ ನಿಲ್ಲಬೇಕಾದರೆ ಗೋಡೆ ಕೆಡವಬೇಕು. ಅದನ್ನು ಶಿವಗಂಗಾಳ ಕ್ಯಾಮೆರಾಕ್ಕೆ ತೊಡಿಸಿದ. ಅಂಕಿ ಬಂತು, ಕಟ್ ಅಂತು. ಅವಳ ಲೆನ್ಸನ್ನು ತನ್ನ ಕ್ಯಾಮೆರಾಕ್ಕೆ ತೊಡಿಸಿದ. ಎರಡು ಅಡ್ಡಗೆರೆ. ಅವನ ಮುಖ ಸಣ್ಣದಾಯಿತು.

"ಲೆನ್ಸಿಂದೇ ತಪ್ಪು ಐತಿ ಬೇಟಾ."

"ಕೇಳಿದ್ಯಾ! ಬಾಯಿಂದನ ಬಂತು!" ಗಂಗಾಬಾಯಿ ಬಾಗಿಲ ಕಡೆ ತಿರುಗಿ, ದಾರಿಯಲ್ಲಿ ಹೋಗುವವರಿಗೂ ಕೇಳುವಂತೆ ಹೇಳಿದಳು. "ಬಸರಿ ಹೆಂಗಸಿನ ಆಸೀಗೆ ಕಲ್ಲು ಹಾಕಿದ್ಯಲ್ಲೋ!"

ಶಿವಗಂಗಾಳಿಗೆ ಕೆಟ್ಟ ಲೆನ್ಸಿಗಿಂತ ಆ ಮುದುಕನ ತಗ್ಗಿದ ತಲೆ ನೋಡುವುದೇ ಕಷ್ಟವಾಯಿತು. ಅವನು ಲೆನ್ಸನ್ನು ಬೋರಲು ಹಾಕಿ ಟಾರ್ಚು ಬಿಟ್ಟ. ಹಿಂಬದಿಯ ಅಂಚಿನಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಬಂಗಾರದ ಚುಕ್ಕೆಗಳ ಸಾಲು ಇರುತ್ತದೆ. ಲೆನ್ಸು ಕ್ಯಾಮೆರಾದೊಡನೆ ಮಾತಾಡುವುದು ಅವುಗಳ ಮೂಲಕವೇ. ಚುಕ್ಕೆಗಳು ಕಾಣಲಿಲ್ಲ. ಹತ್ತಿಯ ಕಡ್ಡಿಯಿಂದ ಒರೆಸಿದ. ಹತ್ತಿ ಕಪ್ಪಾಯಿತು. ಮೂಗಿನ ಹತ್ತಿರ ಹಿಡಿದ. ಮತ್ತೊಮ್ಮೆ ಹಿಡಿದ. ಆಮೇಲೆ ಭಾಳ ಮರ್ಯಾದೆಯಿಂದ ಕೇಳಿದ:

"ಹರಳೆಣ್ಣಿ ದೀಪದ್ದು. ಕರ್ಪೂರಾನೂ ಹಾಕೀರೇನ್ರಿ ಅವ್ವಾರ?"

"ಹಾಕಲಾರದೇನು? ಕಣ್ಣಿಗೆ ತಂಪು..." ಎಂದ ಗಂಗಾಬಾಯಿ ಅಲ್ಲಿಗೇ ನಿಂತಳು. ಬಾಯಿ ಮಾತ್ರ ತೆರೆದೇ ಇತ್ತು.

"ಅಜ್ಜೀ!"

"ಏನ ಅಜ್ಜೀ? ನಿನ್ನೆ ಸಂಜೀಕೆ ಭವಾನಿಗಂತ ಕಾಡಿಗಿ ಮಾಡಿದ್ದೆ. ಓಣಿ ಮಂದಿ ಎಲ್ಲಾ ಬಂದು ಈ ಕ್ಯಾಮೆರಾದ ಕಣ್ಣ ಎಷ್ಟು ಚಂದ ಐತಿ ಅಂತ ಮುಟ್ಟಿ ಮುಟ್ಟಿ ನೋಡಿದ್ರು. ಬೊಟ್ಟು ಎದ್ದು ಕಾಣಬಾರದು ಅಂತ ಹಿಂದಿನ ಮುಚ್ಚಳ ತಿರುವಿ, ಒಳಗಿನ ಅಂಚಿಗೆ ಇಷ್ಟ ಹಚ್ಚಿದೆ." ದನಿ ತಗ್ಗಿತು. "ಎರಡು ಸರ್ತಿ ಹೋಗೇತಿ ಆಕೀಗೆ. ಈ ಸರ್ತಿ ಯಾರ ಕಣ್ಣೂ ತಾಗಬಾರದು. ಈ ಕಣ್ಣೂ ತಾಗಬಾರದು."

ಮಾಣಿಕಪ್ಪ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಒಂದೊಂದೇ ಚುಕ್ಕೆಯನ್ನು ಕೂಸಿನ ಕಿವಿ ಒರೆಸುವಷ್ಟು ಮೆಲ್ಲಗೆ ಒರೆಸಿದ. ತೊಡಿಸಿದ. ಅಡ್ಡಗೆರೆಗಳು ಹೋಗಿ ಅಂಕಿ ಕಣ್ಣು ಬಿಟ್ಟಿತು. ಅವನು ಉಸಿರು ಬಿಟ್ಟದ್ದು ಶಿವಗಂಗಾಳಿಗೂ ಕೇಳಿಸಿತು.

"ನನ್ನ ಮಾತು ಉಳೀತು ಬೇಟಾ. ಇನ್ನ ಗಾಡಿ ಹತ್ತಬಹುದು."

ಗಂಗಾಬಾಯಿ ತಪ್ಪಾಯಿತು ಎನ್ನುವವರ ಪೈಕಿಯಲ್ಲ. ಮೇಜಿನ ಮೇಲಿದ್ದ ಕಪ್ಪು ಹತ್ತಿಯನ್ನು ತೋರುಬೆರಳಿಗೆ ಒತ್ತಿಕೊಂಡಳು. "ಬಗ್ಗು," ಅಂದಳು.

"ಅವ್ವಾರ, ನಂಗ್ಯಾಕ್ರಿ?"

"ಖರೇ ಮಂದೀಗೆ ದೃಷ್ಟಿ ಲಗೂನ ತಾಕತೈತಿ. ಬಗ್ಗೋ ಸುಮ್ಮ!"

ಶಿವಗಂಗಾಳ ಬೆರಳು ತಾನಾಗಿ ಗುಂಡಿ ಒತ್ತಿತು. ಅವತ್ತಿನ ಮೊದಲ ಫೋಟೋದಲ್ಲಿ ಭವಾನಿ ಇಲ್ಲ. ಅರವತ್ತೈದು ವರ್ಷದ ಮಾಣಿಕಪ್ಪ ತೊಟ್ಟಿಲ ಕೂಸಿನ ಹಾಗೆ ಕಣ್ಣು ಮುಚ್ಚಿ, ಬಲಗಿವಿಯನ್ನು ಮಡಚಿ ಹಿಡಿದು, ಅಜ್ಜಿಯ ಬೆರಳಿಗೆ ತಲೆ ಒಡ್ಡಿದ್ದಾನೆ.