ಉತ್ತರ ಬರುವ ತನಕ

ಜಾನ್ಸಿ ಎಂಟರ್ ಒತ್ತಿದಳು. ಪರದೆಯ ಮೂಲೆಯಲ್ಲಿ ಅಪ್ಪನ ಚಿತ್ರ ಕೈ ಎತ್ತಿದ ಹಾಗೆಯೇ ನಿಂತುಬಿಟ್ಟಿತು.

ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸುವ ನೆಟ್‌ವರ್ಕ್ ಕಾರ್ಡುಗಳನ್ನು ಮುಚ್ಚಲು, ತೆರೆಯಲು, ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ಗೆ ಹೊಸ ಆಜ್ಞೆಗಳನ್ನು ರೂಪಿಸುವುದು ಅವಳ ಕೆಲಸ. ಕುವೆಂಪುನಗರದ ಆಫೀಸಿನಲ್ಲಿ ಕೂತು, ರಾಮಕೃಷ್ಣನಗರದ ಮನೆಯ ಕಂಪ್ಯೂಟರಿನ ಮೇಲೆ ಪ್ರಯೋಗ ಮಾಡುತ್ತಿದ್ದಳು. ಖಾಲಿ ಕಾರ್ಡಿನ ಬದಲು, ಕೈತಪ್ಪಿ ಅಪ್ಪನ ಕ್ಯಾಮೆರಾ ನಡೆಯುತ್ತಿದ್ದ ಕಾರ್ಡನ್ನೇ ಮುಚ್ಚಿದ್ದಳು. ಮತ್ತೆ ತೆರೆ ಎನ್ನೋಣವೆಂದರೆ ಆ ಆಜ್ಞೆಯೂ ಅದೇ ಕಾರ್ಡಿನ ಮೂಲಕವೇ ಹೋಗಬೇಕು.

"ಮುಚ್ಚಿದ ಮೇಲೆ ಇಷ್ಟು ಸೆಕೆಂಡಲ್ಲಿ ಯಾರೂ ಸರಿ ಅನ್ನದಿದ್ರೆ, ಅದು ತಾನೇ ತೆರ್ಕೊಳ್ಲಿ ಕಣಮ್ಮ," ಎಂದು ಹಿರಿಯ ಸಹೋದ್ಯೋಗಿ ಅಮರೇಶ್ ಬೆಳಗ್ಗೆಯಷ್ಟೇ ಹೇಳಿದ್ದರು. "ಕರ್ನಲ್ ಹೇಳಿದ್ದನ್ನ ಮಾಡ್ಬೇಕು ಸರ್, ಅನುಮಾನ ಪಡಬಾರದು," ಎಂದು ಅವಳು ತಳ್ಳಿಹಾಕಿದ್ದಳು.

ಸ್ಕೂಟರಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಹದಿನೈದು ನಿಮಿಷ ಕಳೆದಿತ್ತು. ಲಕ್ವ ಹೊಡೆದು ಮಾತು ನಿಂತ ಮೇಲೆ ಅಪ್ಪ ಆರೋಗ್ಯಸ್ವಾಮಿ ತಾನು ಚೆನ್ನಾಗಿದ್ದೇನೆಂದು ತಿಳಿಸಲು ಗಂಟೆಗೊಮ್ಮೆ ಕ್ಯಾಮೆರಾದ ಮುಂದೆ ಎಡಗೈ ಎತ್ತುತ್ತಿದ್ದರು. ಸ್ಪೀಕರಿನಲ್ಲಿ ಮಗಳು "ನೋಡ್ದೆ ಅಪ್ಪ" ಅಂದ ಮೇಲೆಯೇ ಇಳಿಸುತ್ತಿದ್ದರು. ಇವತ್ತು ಯಾರೂ ಅನ್ನಲಿಲ್ಲ. ಮೊಣಕೈಯನ್ನು ಮಂಚದ ಕಂಬಿಗೆ ಆನಿಸಿಕೊಂಡು, ಆ ಕೈಯನ್ನು ಇನ್ನೂ ಮೇಲೆಯೇ ಹಿಡಿದಿದ್ದರು.

"ನೋಡ್ದೆ ಅಪ್ಪ, ನೋಡ್ದೆ. ಇಳ್ಸಿ."

ಆ ಕೈಯನ್ನು ಹಿಡಿದುಕೊಂಡೇ ಅವಳು ಅಮರೇಶ್‌ಗೆ ಫೋನ್ ಮಾಡಿದಳು.

"ಸರ್, ಅದು ತಾನೇ ತೆರ್ಕೊಳ್ಳೋಕೆ ಎಷ್ಟು ಸೆಕೆಂಡ್ ಇಡೋಣ?"