ಗಾಜಿನ ಆಸಿಡ್ ತಾಗಿದ ಬೆರಳು

ಕ್ಯಾಲ್ಸಿಯಂ ಮಾತ್ರೆಯ ಸುಣ್ಣದಂಥ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಆಗ ನನಗೆ ಒಂಬತ್ತು ವರ್ಷ. ಧಾರವಾಡದಿಂದ ಅಹಮದಾಬಾದಿಗೆ ಬಂದಿದ್ದ ಅಪ್ಪ, ವಟ್ವಾದ ಒಂದು ಕಾರ್ಖಾನೆಯಲ್ಲಿ ಕಿಟಕಿಯ ಗಾಜನ್ನು ಆಸಿಡ್‌ನಲ್ಲಿ ಅದ್ದಿ ಮಬ್ಬಾಗಿಸುವ ಕೆಲಸ ಮಾಡುತ್ತಿದ್ದರು. ಅಂದು ಮಧ್ಯಾಹ್ನವೇ ಮನೆಗೆ ಬಂದರು. ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದರು.

"ಗ್ಲೌಸ್ ತೂತು ಬಿದ್ದಿತ್ತು. ಮುಂಜಾನೆ ಒಂದ್ ಹನಿ ತಾಗೇದ ಕಾಣ್ತದ. ಆವಾಗ ಏನೂ ಅನಿಸ್ಲಿಲ್ಲ," ಎಂದರು.

ಗಾಯವಿರಲಿಲ್ಲ, ಬೆರಳ ತುದಿ ಬಿಳಿಚಿತ್ತು ಅಷ್ಟೆ. ಓಣಿಯ ಡಾಕ್ಟರು "ಕುಛ್ ನಹೀಂ ಹೈ", ಏನೂ ಆಗಿಲ್ಲ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಅರ್ಧ ತಾಸಿನಲ್ಲಿ ಅಪ್ಪ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದರು.

"ಆಸಿಡ್ ಎಲುಬಿನ್ಯಾಗ ಇಳೀಲಿಕ್ಕತ್ತದ. ಈ ಆಸಿಡ್ ತಡೀಲಿಕ್ಕ ಕ್ಯಾಲ್ಸಿಯಂ ಹಚ್ಚಬೇಕಂತ ಕಾರ್ಖಾನ್ಯಾಗ ಹೇಳ್ತಿದ್ರು, ಎಲ್ಲಿಂದ ತರೋದು?" ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಸುರಿಯಾಗಿದ್ದ ಅವ್ವ ತನ್ನ ಕ್ಯಾಲ್ಸಿಯಂ ಮಾತ್ರೆಗಳನ್ನೆಲ್ಲ ಕುಟ್ಟಾಣಿಗೆ ಸುರಿದಳು. "ಕುಟ್ಟು, ಜಲ್ದಿ ಕುಟ್ಟು!" ಎಂದು ನನ್ನ ಮೇಲೆ ಚೀರಿದಳು. ಆ ಹಿಟ್ಟನ್ನು ನೀರಲ್ಲಿ ಕಲಸಿ ಬೆರಳಿಗೆ ಮೆತ್ತಿ, ಅಪ್ಪನನ್ನು ರಿಕ್ಷಾದಲ್ಲಿ ದೊಡ್ಡಾಸ್ಪತ್ರೆಗೆ ಒಯ್ದೆವು. ಅಲ್ಲಿ ಕೈ ಉಳಿಯಿತು, ಬೆರಳು ಉಳಿಯಲಿಲ್ಲ.

ತಿಂಗಳ ನಂತರ ಅಪ್ಪ ಮತ್ತೆ ಅದೇ ಕೆಲಸಕ್ಕೆ ಹೊರಟರು. ಅಂಗಿಯ ಗುಂಡಿ ಹಾಕಲು ಬರದೆ ನಿಂತಾಗ ನಾನು ಹತ್ತಿರ ಹೋದೆ.

"ಬ್ಯಾಡವ್ವಾ, ರೂಢಿ ಆಗ್ತದ," ಎಂದು ನನ್ನ ಕೈ ಸರಿಸಿದರು.

ತುಂಬು ಬಸುರಿ ಅವ್ವ ಬಾಗಿಲ ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕುಳಿತುಬಿಟ್ಟಳು. ಆ ದಿನ ಅಪ್ಪ ಹೋಗಲಿಲ್ಲ. ಮರುದಿನ ಹೋದರು.