ಬಾಗಿಲಿಲ್ಲದ ಕಪಾಟು

ತನ್ನ ಹುಟ್ಟುಹಬ್ಬದ ಬೆಳಿಗ್ಗೆ ಟೈಲರಮ್ಮ ಹೊಲಿಗೆ ಕೋಣೆಗೆ ಕಾಲಿಟ್ಟಾಗ, ಗಂಡ ಸ್ಕ್ರೂಡ್ರೈವರ್ ಹಿಡಿದು ಅವಳ ಕಪಾಟಿನ ಬಾಗಿಲನ್ನೇ ಕಳಚುತ್ತಿದ್ದ.

"ಅಯ್ಯೋ, ಏನ್ರೀ ಇದು ಅವತಾರ!"

"ನಿನ್ನ ಗಿಫ್ಟು ಕಣೇ. ಡೈರಿ ಕೊಟ್ಟೆ, ಅಲಾರಂ ಕೊಟ್ಟೆ, ಎರಡೂ ಇದರೊಳಗೇ ಸೇರ್ಕೊಂಡ್ವು. ಬಾಗಿಲು ಹಾಕಿದ್ರೆ ಒಳಗೇನಿದೆ ಅಂತ್ಲೇ ನಿನಗೆ ನೆನಪಿರಲ್ಲ. ಗಮನ ಒಂದ್ಕಡೆ ನಿಲ್ಲದ ಈ ಎಡಿಎಚ್‌ಡಿ ಇರೋರಿಗೆ ಹಾಗೇ ಅಂತೆ, ಡಾಕ್ಟರ್ ಹೇಳಿದ್ರಲ್ಲ."

"ಬಂದೋರೆಲ್ಲ ನನ್ನ ಅವಾಂತರ ನೋಡಿ ನಗ್ಲಿ ಅಂತಾನಾ?" ಎಂದು ಮುಖ ಊದಿಸಿಕೊಂಡವಳ ಕಣ್ಣು ಒಳಗೆ ಓಡಾಡಿತು. ಹುಡುಕಿ ಹುಡುಕಿ ಸಾಕಾಗಿದ್ದ ಕತ್ತರಿ ಅಲ್ಲೇ ಇತ್ತು. ಅದರ ಹಿಂದೆ, ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣ. ಅವಳು ನಾಲಿಗೆ ಕಚ್ಚಿಕೊಂಡಳು.

ಹೋದ ವರ್ಷ ಅವನ ಹುಟ್ಟುಹಬ್ಬ ಉಡುಗೊರೆಯಿಲ್ಲದೆ ಸುಮ್ಮನೆ ಕಳೆದುಹೋಗಿತ್ತು. ಪೊಟ್ಟಣವನ್ನು ಅವನ ಕೈಗಿಟ್ಟಳು.

"ನಾನೇ ಹೊಲಿದ ಅಂಗಿ ರೀ. ನಿಮ್ಮನ್ನ ಮರೆತಿರ್ಲಿಲ್ಲ. ಬಾಗಿಲು ಹಾಕ್ಬಿಟ್ಟಿದ್ದೆ, ಅಷ್ಟೇ."